"ಬೆಲ್ಲದ್ದಾದ್ರೆ ತಿನ್ನಬಹುದಲ್ವಾ?" ಅಂತ ಕೇಳೋರಿಗೆಲ್ಲ

ತೂಕ ಇಳಿಸಿದ್ದಕ್ಕೆ ನಂಗೆ ಸಿಕ್ಕಿದ ಬಹುಮಾನ ಅಂದ್ರೆ ಈ ಪ್ರಶ್ನೆ. ಆಫೀಸಲ್ಲಿ ಕೇಳ್ತಾರೆ, ಲಿಫ್ಟಲ್ಲಿ ಕೇಳ್ತಾರೆ, ಮದುವೆ ಮನೇಲಿ ಕೈ ತೊಳ್ಯೋಕೆ ನಿಂತಾಗ್ಲೂ ಕೇಳ್ತಾರೆ. "ಸಕ್ಕರೆ ಪೂರ್ತಿ ಬಿಟ್ಟಿದೀನಿ, ಬೆಲ್ಲದ್ದಾದ್ರೆ ತಿನ್ನಬಹುದಲ್ವಾ?" ಬೆಲ್ಲ ಅಲ್ದಿದ್ರೆ ಜೇನುತುಪ್ಪ, ಅದೂ ಅಲ್ದಿದ್ರೆ ಖರ್ಜೂರ. ಹೇಳಿ ಹೇಳಿ ಗಂಟಲು ನೋವು ಬಂದಿದೆ, ಅದಕ್ಕೇ ಬರೆದಿಡ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದರ ಲಿಂಕ್ ಕಳಿಸ್ತೀನಿ. ಬೇಜಾರ್ ಮಾಡ್ಕೋಬೇಡಿ. ಮಾಡ್ಕೊಂಡ್ರೂ ಪರ್ವಾಗಿಲ್ಲ.

ತಿನ್ನಬಹುದು ಕಣ್ರಿ. ಸಕ್ಕರೆದೂ ತಿನ್ನಬಹುದು. ತೂಕದ ವಿಷ್ಯಕ್ಕೆ ಬಂದ್ರೆ ಎರಡೂ ಒಂದೇ. 100 ಗ್ರಾಂ ಸಕ್ಕರೆಲಿ 400ರ ಹತ್ರ ಕ್ಯಾಲೊರಿ, 100 ಗ್ರಾಂ ಬೆಲ್ಲದಲ್ಲಿ 380ರ ಆಸುಪಾಸು. ಜೇನುತುಪ್ಪದಲ್ಲಿ 300 ಚಿಲ್ಲರೆ, ಅದೂ ಯಾಕಂದ್ರೆ ಅದ್ರಲ್ಲಿ ಒಂದಷ್ಟು ನೀರಿರುತ್ತೆ. ಬೆಲ್ಲದಲ್ಲಿ ಕಬ್ಬಿಣ ಇದೆ ಅಂತೀರಾ, ಇರ್ಲಿ, ಇಲ್ಲ ಅಂದೋರ್ಯಾರು, ಆದ್ರೆ ಟೀಗೆ ಹಾಕೋ ಒಂದು ಚಮಚದಲ್ಲಿ ಎಷ್ಟು ಬರುತ್ತೆ? ಕಬ್ಬಿಣ ಬೇಕಿದ್ರೆ ಸೊಪ್ಪು ತಿನ್ನಿ, ಕಾಳು ತಿನ್ನಿ. ವಿಶ್ವ ಆರೋಗ್ಯ ಸಂಸ್ಥೆಯೋರು 2015ರಲ್ಲೇ ಹೇಳಿದಾರೆ, ದಿನದ ಕ್ಯಾಲೊರಿಲಿ ಸಕ್ಕರೆ ಪಾಲು ನೂರಕ್ಕೆ ಹತ್ತು ದಾಟಬಾರ್ದು, ಐದಕ್ಕೆ ಇಳಿಸಿದ್ರೆ ಇನ್ನೂ ವಾಸಿ, ಅಂದ್ರೆ ಸುಮಾರು 25 ಗ್ರಾಂ. ಆ ಲೆಕ್ಕದಲ್ಲಿ ಜೇನುತುಪ್ಪನೂ ಇದೆ, ಹಣ್ಣಿನ ಜ್ಯೂಸೂ ಇದೆ.

ಇಷ್ಟು ಹೇಳಿದ್ ತಕ್ಷಣ ಮುಖ ಸಪ್ಪೆ ಆಗುತ್ತೆ. "ನಮ್ಮಜ್ಜಿ ಜೀವನಪೂರ್ತಿ ಬೆಲ್ಲ ತಿಂದ್ರು, ಕಡ್ಡಿ ಥರ ಇದ್ರು." ನಿಮ್ಮಜ್ಜಿ ತಿಂದಿದ್ದು ಬಿಸಿಲಲ್ಲಿ ಬಂದಾಗ ನೀರಿನ ಜೊತೆ ಅಡಿಕೆ ಗಾತ್ರದ ಒಂದು ತುಂಡು, ನೀವು ಕೇಳ್ತಿರೋದು ಬೆಲ್ಲದ ಬರ್ಫಿ ಬಗ್ಗೆ. ಇವ್ರಿಗೆ ಬೇಕಿರೋದು ಪರ್ಮಿಷನ್ನು. ನಾನೇನು ತಹಶೀಲ್ದಾರಾ, ಸಹಿ ಹಾಕಿ ಸೀಲ್ ಹೊಡ್ದು ಕೊಡೋಕೆ?

ಹೋದ ವರ್ಷ ನೆಂಟರ ಮನೆ ಗೃಹಪ್ರವೇಶದಲ್ಲಿ ಒಬ್ರು ದೊಡ್ಡಮ್ಮ ಸ್ಟೀಲ್ ಡಬ್ಬಿ ಹಿಡ್ಕೊಂಡು ನನ್ನನ್ನೇ ಹುಡುಕ್ಕೊಂಡು ಬಂದ್ರು. "ತಗೋ ಕಣೇ, ಡಯಟ್ ಉಂಡೆ, ಸಕ್ಕರೆ ಒಂಚೂರೂ ಹಾಕಿಲ್ಲ, ಹತ್ತು ತಿಂದ್ರೂ ಏನಾಗಲ್ಲ." ಘಮ್ ಅಂತಿತ್ತು, ಮೇಲೆ ಗಸಗಸೆ ಬೇರೆ ಅಂಟಿಸಿದ್ರು. ಏನೇನು ಹಾಕಿದೀರಾ ಅಂತ ಕೇಳ್ದೆ, ಹೆಮ್ಮೆಯಿಂದಾನೇ ಹೇಳಿದ್ರು: ಖರ್ಜೂರ 200 ಗ್ರಾಂ, ಬಾದಾಮಿ 100 ಗ್ರಾಂ, ಒಣಕೊಬ್ಬರಿ 50 ಗ್ರಾಂ, ಎರಡು ದೊಡ್ಡ ಚಮಚ ತುಪ್ಪ, 15 ಉಂಡೆ ಆಯ್ತು ಅಂತ. ಖರ್ಜೂರದ್ದು 560, ಬಾದಾಮಿದು 580, ಕೊಬ್ಬರಿದು 330, ತುಪ್ಪದ್ದು 270. ಒಟ್ಟು 1740. ಒಂದು ಉಂಡೆಗೆ 115ರ ಮೇಲೆ. ಹತ್ತು ತಿಂದ್ರೆ ನನ್ನ ಇಡೀ ದಿನದ ಊಟದಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗೀತು. ಒಂದು ತಗೊಂಡೆ, ನಿಜವಾಗ್ಲೂ ಚೆನ್ನಾಗಿತ್ತು, ಸಾಕು ಅಂದೆ. ಅದಕ್ಕೆ ಅವ್ರು ಪಕ್ಕದಲ್ಲಿದ್ದೋರಿಗೆ, ನಂಗೂ ಕೇಳೋ ಹಾಗೆ, "ಸಣ್ಣ ಆದ್ಮೇಲೆ ತುಂಬಾ ಜಂಬ ಬಂದಿದೆ ಇವಳಿಗೆ" ಅಂದ್ರು. ಬಂದಿದೆ ದೊಡ್ಡಮ್ಮ, ಕಷ್ಟಪಟ್ಟು ಇಳಿಸಿದೀನಿ, ಸ್ವಲ್ಪ ಜಂಬ ಇರ್ಲಿ ಬಿಡಿ.

ಆ ಉಂಡೆ ಕೆಟ್ಟದ್ದು ಅಂತಲ್ಲ. ಬಾಣಂತಿಗೆ ಕೊಡಿ, ಆಟ ಆಡಿ ಬಂದ ಮಕ್ಕಳಿಗೆ ಕೊಡಿ. ಗೋಕಾಕದ ಕರದಂಟೂ ಹಾಗೇ, ಅಂಟು, ಬೆಲ್ಲ, ಡ್ರೈ ಫ್ರೂಟ್ಸ್, ಒಂದು ತುಂಡಿಗೆ ಮೈಯೆಲ್ಲ ಬಿಸಿ ಆಗೋ ಅಂಥ ತಿಂಡಿ, ಎಸಿ ರೂಮಲ್ಲಿ ಕೂತ್ಕೊಂಡು ಕಾಲು ಕೆಜಿ ಮುಗಿಸಿ ಹೆಲ್ದಿ ಅಂದ್ರೆ ಆಗುತ್ತಾ? 115 ಕ್ಯಾಲೊರಿಗೆ ಒಂದು ದೊಡ್ಡ ಸೀಬೆಹಣ್ಣು ಬರುತ್ತೆ, ಕಚ್ಚಿ ಅಗಿದು ಮುಗಿಸೋಕೇ ಹತ್ತು ನಿಮಿಷ ಬೇಕು, ನಾರಿನಂಶಕ್ಕೆ ಹೊಟ್ಟೆನೂ ತುಂಬುತ್ತೆ. ಉಂಡೆ ಎರಡು ಸಲ ಬಾಯಾಡಿಸಿದ್ರೆ ಖಾಲಿ.

ಪ್ಯಾಕೆಟ್ ತಿಂಡಿ ಬಗ್ಗೆ ಜಾಸ್ತಿ ಹೇಳಲ್ಲ. ಮುಂದೆ ದೊಡ್ಡದಾಗಿ ರಾಗಿ ಅಂತ ಬರೆದಿರೋದನ್ನ ಬಿಟ್ಟು ಹಿಂದೆ ತಿರುಗಿಸಿ ಓದಿ, ಯಾವುದು ಜಾಸ್ತಿ ಹಾಕಿರ್ತಾರೋ ಅದೇ ಪಟ್ಟಿಲಿ ಮೊದಲು ಬರುತ್ತೆ. ಎಷ್ಟೋ ರಾಗಿ ಬಿಸ್ಕತ್ತಲ್ಲಿ ಮೊದಲು ಬರೋದು ಮೈದಾ ಅಥವಾ ಗೋಧಿ ಹಿಟ್ಟು. ಶುಗರ್ ಫ್ರೀ ಅಂತಿದ್ರೂ ಎಣ್ಣೆ, ಪಿಷ್ಟದಿಂದ ಮಾಡೋ ಮಾಲ್ಟೋಡೆಕ್ಸ್‌ಟ್ರಿನ್ ಎಲ್ಲ ಫ್ರೀ ಏನಲ್ಲ.

ಇಷ್ಟು ಜನ ಕೇಳಿದಾರಲ್ಲ, "ದಿನಾ ಸಂಜೆ ಐದಕ್ಕೇ ಯಾಕೆ ಸಿಹಿ ಬೇಕು ಅನ್ಸುತ್ತೆ?" ಅಂತ ಒಬ್ರೂ ಕೇಳಿಲ್ಲ. ಅದನ್ನ ಕೇಳಿದ್ರೆ ಅರ್ಧ ಗಂಟೆ ಕೂತು ಮಾತಾಡ್ತೀನಿ. ಮಧ್ಯಾಹ್ನ ಡಬ್ಬಿಲಿ ಏನಿತ್ತು ಹೇಳಿ? ಚಿತ್ರಾನ್ನ. ಇಲ್ಲಾಂದ್ರೆ ಅನ್ನ, ತಿಳಿಸಾರು, ಹಪ್ಪಳ. ಬೇಳೆ ತಳದಲ್ಲೇ ಉಳಿದಿದೆ, ಪಲ್ಯ ಒಂದು ಚಮಚ. ಐದು ಗಂಟೆಗೆ ಹೊಟ್ಟೆ ಹಸಿದೇ ಹಸಿಯುತ್ತೆ, ಅದನ್ನ ನಾವು ಸಿಹಿ ಚಪಲ ಅಂತ ಕರೀತೀವಿ. ನಾನು ಸ್ನ್ಯಾಕ್ಸ್ ಬದಲಾಯಿಸೋಕೆ ಮುಂಚೆ ಡಬ್ಬಿ ಬದಲಾಯಿಸಿದೆ. ಕಡ್ಲೆಕಾಳು ಉಸ್ಲಿ, ಹುರುಳಿಕಾಳು, ಮೊಟ್ಟೆ, ಗಟ್ಟಿ ಮೊಸರು, ಇದ್ರಲ್ಲಿ ಯಾವುದಾದ್ರೂ ಒಂದು ಇರ್ಲೇಬೇಕು, ಅನ್ನ ಒಂದು ಸೌಟು ಕಮ್ಮಿ. ಚಪಲ ಪೂರ್ತಿ ಹೋಯ್ತಾ? ಇಲ್ಲ, ಆದ್ರೆ ಮೊದಲಿನ ಥರ ಬೇಕರಿ ಬಾಗಿಲಿಗೆ ಎಳ್ಕೊಂಡು ಹೋಗಲ್ಲ.

ಸಂಜೆ ಏನ್ ತಿಂತೀನಿ ಅಂದ್ರೆ, ಮೊಸರಿಗೆ ಒಂದು ಏಲಕ್ಕಿ ಬಾಳೆಹಣ್ಣು ಹೆಚ್ಚಿ ಹಾಕ್ಕೊಂಡು ಮೇಲೆ ಚೂರು ಏಲಕ್ಕಿ ಪುಡಿ. ಇಲ್ಲ ಪಪ್ಪಾಯ. ಕೆಲವು ದಿನ ಒಂದು ಹಿಡಿ ಹುರಿಗಡಲೆ, ಜೊತೆಗೆ ಬೆಲ್ಲದ ಸಣ್ಣ ತುಂಡು, ಹೌದು, ಬೆಲ್ಲ, 10 ಗ್ರಾಂ ಅಂದ್ರೆ 38 ಕ್ಯಾಲೊರಿ, ಏನೂ ಮುಳುಗಿ ಹೋಗಲ್ಲ. ಶುಗರ್ ಕಾಯಿಲೆ ಇರೋರು ನನ್ನ ಮಾತು ಕೇಳ್ಬೇಡಿ, ನಿಮ್ಮ ಡಾಕ್ಟರನ್ನ ಕೇಳಿ.

ಹಬ್ಬಕ್ಕೆ ಒಬ್ಬಟ್ಟು ತಿಂತೀನಾ? ತಿಂತೀನಿ, ಬಿಸಿ ಬಿಸಿದು, ತುಪ್ಪ ಹಾಕ್ಕೊಂಡು, ಒಂದು. ಓಟ್ಸ್ ಹಿಟ್ಟಲ್ಲಿ ಬೆಲ್ಲದ ಬದಲು ಸ್ಟೀವಿಯಾ ಅನ್ನೋ ಸಿಹಿ ಎಲೆ ಪುಡಿ ಹಾಕಿ ಮಾಡಿದ ಒಬ್ಬಟ್ಟು ಇದ್ರೆ ಮಾತ್ರ ದಯವಿಟ್ಟು ನನ್ನ ಎಲೆಗೆ ಹಾಕ್ಬೇಡಿ.