ಎಲ್ಲರೂ ಕೇಳುವ ಪ್ರಶ್ನೆ: ಪಿಟ್‌ಬುಲ್, ರಾಟ್‌ವೀಲರ್ ನಿಷೇಧಿಸಿದರೆ ಸಾಲದೇ?

ಸಾಕುನಾಯಿಯೊಂದು ಮಗುವಿನ ಮೇಲೆರಗಿದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರ: ಸಾಲದು. ತಳಿಯ ಹೆಸರು ಹಿಡಿದು ಮಾಡಿದ ಕಾನೂನು ಜಾರಿಯ ಹಂತದಲ್ಲೇ ಎಡವುತ್ತದೆ.

ನಮ್ಮಲ್ಲೇ ನಡೆದದ್ದನ್ನು ನೋಡಿ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 23 ತಳಿಗಳ ಆಮದು, ಬ್ರೀಡಿಂಗ್, ಮಾರಾಟ ಬಂದ್. ಈಗಾಗಲೇ ಮನೆಯಲ್ಲಿರುವವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ. ಪಟ್ಟಿಯಲ್ಲಿ ‘ಟೋಸಾ ಇನು’ ಒಂದು ಕಡೆ, ‘ಜಪಾನೀಸ್ ಟೋಸಾ ಮತ್ತು ಅಕಿಟಾ’ ಇನ್ನೊಂದು ಕಡೆ. ಎರಡೂ ಟೋಸಾ ಒಂದೇ ತಳಿ! ಮತ್ತೊಂದು ಕಡೆ ಬರೀ ‘ಟೆರಿಯರ್ಸ್’, ಅಂದರೆ ಹಲವು ತಳಿಗಳ ಇಡೀ ಗುಂಪು. ಮೂರು ಕೆ.ಜಿ. ತೂಗುವ ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರೇ ತಾನೇ? ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಈ ಸುತ್ತೋಲೆಯನ್ನು ರದ್ದುಪಡಿಸಿತು. ಅದನ್ನು ಹೊರಡಿಸುವ ಮೊದಲು ಸರ್ಕಾರ ಸಂಬಂಧಪಟ್ಟವರ ಮಾತು ಕೇಳಿರಲಿಲ್ಲ, ಶಿಫಾರಸು ಮಾಡಿದ ಸಮಿತಿಯೂ ನಿಯಮದ ಪ್ರಕಾರ ಇರಲಿಲ್ಲ. ಸರಿಯಾದ ಕ್ರಮದಲ್ಲಿ ಹೊಸದಾಗಿ ಮಾಡುವ ಅವಕಾಶವನ್ನು ಮಾತ್ರ ಕೋರ್ಟ್ ಮುಚ್ಚಲಿಲ್ಲ. ಆದ್ದರಿಂದ ಈ ಚರ್ಚೆ ಮುಗಿದಿಲ್ಲ.

ಪಟ್ಟಿ ತಿದ್ದಿದರೂ ಮೂಲ ತೊಡಕು ಉಳಿಯುತ್ತದೆ: ಎದುರಿಗಿರುವ ನಾಯಿ ಯಾವ ತಳಿ ಎಂದು ಹೇಳುವವರು ಯಾರು? ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾನೂನು ವಂಶ ಕೇಳುವುದಿಲ್ಲ, ಮೈಕಟ್ಟು ನೋಡುತ್ತದೆ. ಅಲ್ಲಿ ನಿಷೇಧಿತ ದೈತ್ಯ ನಾಯಿ ‘ಎಕ್ಸ್‌ಎಲ್ ಬುಲ್ಲಿ’ ಎಂದು ಗುರುತಿಸಲು ಹೆಗಲಿನ ಎತ್ತರ ಗಂಡಾದರೆ 51 ಸೆಂ.ಮೀ.ನಿಂದ, ಹೆಣ್ಣಾದರೆ 48ರಿಂದ ಮೇಲಿರಬೇಕು. ಜೊತೆಗೆ ತಲೆ, ಎದೆಯ ಲಕ್ಷಣಗಳು. ಮೂರು ತಿಂಗಳ ಮಿಶ್ರತಳಿ ಮರಿ ಮುಂದೆ ಎಷ್ಟು ಬೆಳೆದೀತು ಎಂಬುದನ್ನು ಅಳತೆ ಟೇಪು ಹೇಳಲಾರದು. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. 2022ರಲ್ಲಿ ಪ್ರಕಟವಾದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ, ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ.

ಹಾಗೆಂದು ಗಾಯವೆಲ್ಲ ಒಂದೇ ಅಲ್ಲ. ಐವತ್ತು ಕೆ.ಜಿ.ಯ ನಾಯಿ ಹಿಡಿದು ಎಳೆದಾಡಿದರೆ ಜೀವಕ್ಕೇ ಅಪಾಯ. ಅದಕ್ಕೇ ನನ್ನ ವಾದ: ದೊಡ್ಡ ನಾಯಿಗೆ ಲೈಸೆನ್ಸ್, ಮೈಕ್ರೋಚಿಪ್, ವಿಮೆ ಕಡ್ಡಾಯ ಮಾಡಿ. ತಳಿ ಯಾವುದಾದರೂ ಇರಲಿ, ತೂಕ ನೋಡಿ. ತಕ್ಕಡಿಯ ಮುಂದೆ ವಾದ ನಡೆಯದು.

ಇರುವ ಕಾನೂನೂ ಕಡಿಮೆಯೇನಲ್ಲ. 2017ರ ಬ್ರೀಡಿಂಗ್ ನಿಯಮಗಳ ಪ್ರಕಾರ ಬ್ರೀಡರ್ ನೋಂದಣಿ ಮಾಡಿಸಿರಬೇಕು, 18 ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಹಾಕಿಸಬಾರದು, ಎಂಟು ವಾರದೊಳಗಿನ ಮರಿ ಮಾರಬಾರದು. ಈ ಎಂಟು ವಾರಕ್ಕೆ ಕಾರಣವಿದೆ. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆಂದು ಮರಿ ಕಲಿಯುವುದು ತಾಯಿ, ಒಡಹುಟ್ಟುಗಳ ಜೊತೆ ಆಡುವಾಗ. ಮೂರರಿಂದ ಹದಿನಾಲ್ಕು ವಾರದೊಳಗೆ ಮಕ್ಕಳು, ಸ್ಕೂಟರ್, ಕೊಡೆ, ಅಪರಿಚಿತರನ್ನೆಲ್ಲ ಕಾಣದ ಮರಿ ಮುಂದೆ ಹೆದರಿ ಕಚ್ಚುವ ಸಾಧ್ಯತೆ ಹೆಚ್ಚು. ಗೇಟಿಗೆ ಹಗಲಿಡೀ ಕಟ್ಟಿಹಾಕಿದ್ದೂ ಅಷ್ಟೇ. ಓಡಿಹೋಗಲು ದಾರಿಯಿಲ್ಲದ್ದು ಮೊದಲು ಹಲ್ಲು ತೋರಿಸುತ್ತದೆ. ನಿರ್ಲಕ್ಷ್ಯದಿಂದ ಪ್ರಾಣಿ ಸಾಕಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಅಥವಾ ಎರಡೂ ಆಗಬಹುದು. ಕಡಿತವಾದಾಗ ದೂರಿನಲ್ಲಿ ಈ ಕಲಂ ಹೆಸರಿಸಿ.

ಮನೆಯಲ್ಲಿ ದೊಡ್ಡ ನಾಯಿ ಇದ್ದವರು ಉದ್ದ ಬಿಟ್ಟು ಎಳೆಯುವ ರೀಲ್ ಬೆಲ್ಟ್ ಬಳಸಬೇಡಿ. ನಾಯಿ ಜಗ್ಗಿದರೆ ಹಿಡಿ ಕೈಜಾರುತ್ತದೆ. ನಾಲ್ಕರಿಂದ ಆರು ಅಡಿಯ ಗಟ್ಟಿ ಬೆಲ್ಟ್ ಸಾಕು. ಕಚ್ಚದಂತೆ ಮೂತಿಗೆ ಹಾಕುವ ಮಝಲ್ ಬುಟ್ಟಿಯಂಥದ್ದೇ ಇರಲಿ. ಬಟ್ಟೆಯದು ಬಾಯಿ ಬಿಗಿಯುತ್ತದೆ, ನಾಯಿ ಏದುಸಿರು ಬಿಡಲಾಗದೆ ಬಿಸಿಲಲ್ಲಿ ಕುಸಿಯಬಹುದು. ಮೊದಲು ಬುಟ್ಟಿಯೊಳಗೆ ತಿಂಡಿ ಇಟ್ಟು ತಾನಾಗಿ ಮೂತಿ ತೂರಿಸಲು ಬಿಡಿ, ಕೆಲವು ದಿನ ಕಳೆದ ಮೇಲೆ ಬಕಲ್ ಹಾಕಿ.