ಶಿರಸಿ ರೇಟು ಓಡ್ತಾ ಇದೆ ಅಂತ ನಾನೇ ಹೇಳಿದ್ದೆ

ಕಾರವಾರದಲ್ಲಿ ಮನೆ, ಜಾಗಗಳ ಬೆಲೆ ಕಟ್ಟುವ ಕಚೇರಿಯಲ್ಲಿ ನನ್ನ ಕೆಲಸ. ಬ್ಯಾಂಕಿನವರು ಮನೆ ಸಾಲ ಕೊಡುವ ಮೊದಲು ನಮ್ಮ ವ್ಯಾಲ್ಯುಯೇಶನ್ ರಿಪೋರ್ಟ್ ಕೇಳುತ್ತಾರೆ. 2024ರ ಶುರುವಿನಲ್ಲಿ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ನಾಲ್ಕೂ ಊರಿನ ರೇಟು ಹೇಗೆ ಏರಿದೆ ಅಂತ ಒಂದು ಪಟ್ಟಿ ಮಾಡಿದೆ. ಕಾರವಾರದ ಫ್ಲ್ಯಾಟಿಗೆ ಚದರ ಅಡಿ ಲೆಕ್ಕ, ಶಿರಸಿಯ ಜಾಗಕ್ಕೆ ಗುಂಟೆ ಲೆಕ್ಕ. ಗುಂಟೆಗೆ 1,089 ಚದರ ಅಡಿ ಹಿಡಿದು ಎಲ್ಲವನ್ನೂ ಒಂದೇ ಅಳತೆಗೆ ತಂದೆ. ಶಿರಸಿ ಎಲ್ಲಕ್ಕಿಂತ ಮುಂದೆ ಓಡುತ್ತಿತ್ತು. ಕಾರವಾರ ನಿಂತಲ್ಲೇ ನಿಂತಿತ್ತು.

ಅದೇ ಹೊತ್ತಿಗೆ ರಿಟೈರ್ ಆದ ಒಬ್ಬರು ಅಕ್ಕೋರು ಬಂದರು. ನನಗೆ ಕಲಿಸಿದವರಲ್ಲ. ಆದರೂ ನಮ್ಮ ಕಡೆ ಶಾಲೆಯ ಅಕ್ಕೋರು ಊರಿಗೆಲ್ಲ ಅಕ್ಕೋರೇ ಅಲ್ವಾ. ಇಲ್ಲಿಯ ಫ್ಲ್ಯಾಟ್ ಮಾರಿ ಶಿರಸಿಯಲ್ಲಿ, ಅಣ್ಣನ ಮನೆ ಹತ್ತಿರ, ಸಣ್ಣದೊಂದು ಮನೆ ತಗೊಳ್ಳುವ ಆಸೆ ಅವರದು.

"ಒಂದು ವರ್ಷ ತಡೆದರೆ ಅಡ್ಡಿಲ್ವಾ ತಮ್ಮಾ?"

ನಾನು ಪಟ್ಟಿಯನ್ನು ಅವರ ಕಡೆ ತಿರುಗಿಸಿದೆ. "ಶಿರಸಿ ರೇಟು ಓಡ್ತಾ ಇದೆ ಅಕ್ಕೋರೆ. ತಡ ಮಾಡ್ಬೇಡಿ."

ಅವರು ಮೊದಲು ಬಂದ ಗಿರಾಕಿಗೇ ಫ್ಲ್ಯಾಟ್ ಕೊಟ್ಟುಬಿಟ್ಟರು, ಅವನು ಕೇಳಿದ ರೇಟಿಗೆ.

ಕೆಲವು ವಾರ ಬಿಟ್ಟು ನಮ್ಮ ಹಿರಿಯ ಇಂಜಿನಿಯರ್ ಸರ್ ಆ ಪಟ್ಟಿ ನೋಡಿದರು. "ಶಿರಸಿದು ಎಲ್ಲಿಂದ ತಂದೆ?" ನೋಂದಣಿ ಆದ ಪತ್ರಗಳಿಂದ, ಅಂದೆ. "ಕಾರವಾರದ್ದು?" ಬ್ರೋಕರ್‌ಗಳು ಹೇಳಿದ್ದು. ಅವರು ಏನೂ ಬೈಯಲಿಲ್ಲ. ಪೆನ್ನಿನ ತುದಿಯನ್ನು ಅಕ್ಟೋಬರ್ ಸಾಲಿನ ಮೇಲೆ ಇಟ್ಟರು. ಆಗ ಹೊಳೆಯಿತು. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಬೆಲೆ, ಪರಿಷ್ಕರಣೆ ಆಗಿತ್ತು. ಅದಕ್ಕಿಂತ ಕಡಿಮೆ ಬರೆದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಯ ಮೇಲೇ ಕಟ್ಟಬೇಕು. ಹಾಗಾಗಿ ಪತ್ರದಲ್ಲಿ ಬರೆಯುವ ಮೊತ್ತ ಒಮ್ಮೆಲೇ ಮೇಲೆ ಹೋಗಿತ್ತು. ಸರ್ಕಾರದ ದರ ಏರಿದ್ದನ್ನು ನಾನು ಪೇಟೆಯ ಬೆಲೆ ಏರಿದೆ ಅಂತ ಓದಿದ್ದೆ. ಕಾರವಾರದ್ದು ಬರೀ ಬಾಯಿಮಾತಿನ ರೇಟು, ಅದರಲ್ಲಿ ಈ ಜಿಗಿತ ಕಾಣಲೇ ಇಲ್ಲ.

ಅಳತೆ ಒಂದೇ ಮಾಡಿದರೂ ವಸ್ತು ಬೇರೆಯೇ ಇತ್ತು. ಕಾರವಾರಕ್ಕೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ದಕ್ಷಿಣಕ್ಕೆ ನೌಕಾನೆಲೆ, ದಂಡೆಗೆ ಸಿಆರ್‌ಝಡ್, ಅಂದರೆ ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ. ಖಾಲಿ ಜಾಗ ಕಡಿಮೆ, ಹಾಗಾಗಿ ಫ್ಲ್ಯಾಟೇ ಜಾಸ್ತಿ. ನೌಕಾನೆಲೆ, ಕೈಗಾ ಅಣುಸ್ಥಾವರ, ಜಿಲ್ಲಾ ಕಚೇರಿ ಅಂತ ವರ್ಗವಾಗಿ ಬರುವವರು ಬಾಡಿಗೆಗೆ ಕೇಳುತ್ತಾರೆ. ಇಲ್ಲಿಯ ಪೇಟೆ ತಿಳಿಯಬೇಕಾದರೆ ಮಾರಾಟಕ್ಕಿಂತ ಮೊದಲು ಬಾಡಿಗೆ ನೋಡಬೇಕು. ಘಟ್ಟದ ಮೇಲೆ ಶಿರಸಿಯಲ್ಲಿ ಅಡಿಕೆ ದುಡ್ಡು ಕೈಗೆ ಬಂದಾಗ ಮಾತುಕತೆ ಶುರು. ಅಲ್ಲಿ ರೇಟು ಕೇಳುವ ಮೊದಲು ಕಾಗದ ಕೇಳಬೇಕು. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆದ ಐದು ಗುಂಟೆಗೂ ಅತಿಕ್ರಮಣದ ಐದು ಗುಂಟೆಗೂ ಹೋಲಿಕೆಯೇ ಇಲ್ಲ.

ಅಕ್ಕೋರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅಷ್ಟು ಹೊತ್ತಿಗೆ ಫ್ಲ್ಯಾಟಿನ ನೋಂದಣಿ ಮುಗಿದಿತ್ತು. ಅವರು ಸುಮ್ನೆ ಕೂತು ಕೇಳಿ, "ಹಂಗಾದ್ರೆ ಶಿರಸಿಯಲ್ಲಿ ಅವಸರ ಇಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. ಅಲ್ಲಿ ಬಾಡಿಗೆ ಮನೆಯಲ್ಲಿದ್ದು ಹತ್ತು ತಿಂಗಳು ಹುಡುಕಿದರು. ಪ್ರತಿ ಜಾಗದ ಪಹಣಿ, ಎನ್‌ಎ ಆದೇಶ ನಾನೇ ನೋಡಿಕೊಟ್ಟೆ.

ಈಗ ನಾಲ್ಕು ಊರಿಗೂ ಬೇರೆ ಬೇರೆ ಪಟ್ಟಿ ಇಟ್ಟಿದ್ದೇನೆ. ಒಂದೇ ಕಟ್ಟಡದ ಒಂದೇ ಫ್ಲ್ಯಾಟ್ ಎರಡು ಸಲ ಮಾರಾಟವಾಗಿದ್ದರೆ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತೇನೆ, ಬೆಲೆ ನಿಜಕ್ಕೂ ಏರಿದೆಯೋ ಇಲ್ಲವೋ ಅಲ್ಲೇ ಕಾಣುವುದು. ಮೊನ್ನೆ ಅಕ್ಕೋರು ಫೋನ್ ಮಾಡಿ, ತಂಗಿಗೆ ಕುಮಟಾದಲ್ಲಿ ಮನೆ ನೋಡ್ತಾ ಇದ್ದೇವೆ, ರೇಟು ಹೇಗಿದೆ ಅಂತ ಕೇಳಿದರು. ಹದಿನೈದು ದಿನ ಕೊಡಿ ಅಂದಿದ್ದೇನೆ.