ಕಪ್ಪು ಮಸಿಯ ಕಥೆ ತೆರೆಗೆ ಬರುವಾಗ

ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಒಂದೇ ಪದ ಎರಡು ಕಡೆ ದುಡಿಯುತ್ತದೆ. ಚೌಕಟ್ಟುಗಳಲ್ಲಿ ಚಿತ್ರ ಬರೆದು, ಬಾಯಿಂದ ಹೊರಟ ಗುಳ್ಳೆಯೊಳಗೆ ಮಾತು ತುಂಬಿದ ಪುಸ್ತಕವೂ ಚಿತ್ರಕಥೆಯೇ. ಸಿನಿಮಾ ಆರಂಭವಾಗುವಾಗ ಕಥೆ, ಸಂಭಾಷಣೆಗಳ ನಡುವೆ ತೆರೆಯ ಮೇಲೆ ಮೂಡುವುದೂ ಚಿತ್ರಕಥೆಯೇ. ಪದದ ಈ ಸಲುಗೆಯಿಂದಲೋ ಏನೋ, ಮೊದಲನೆಯದನ್ನು ಎರಡನೆಯದಾಗಿ ಮಾಡುವುದು ಬಲು ಸುಲಭವೆಂದು ನಾನು ಬಹಳ ಕಾಲ ನಂಬಿದ್ದೆ. ಚಿತ್ರ ಹೇಗೂ ಬರೆದಾಗಿದೆ, ಕ್ಯಾಮೆರಾ ಎಲ್ಲಿಡಬೇಕೆಂಬುದೂ ಅದರಲ್ಲೇ ಇದೆ, ಇನ್ನು ನಟರನ್ನು ತಂದು ನಿಲ್ಲಿಸಿದರೆ ಮುಗಿಯಿತಲ್ಲವೇ? ಹಾಗಲ್ಲವೆಂಬುದು ಈಗ ತಿಳಿದಿದೆ. ತಿಳಿದ ಮೇಲೂ, ಒಂದು ಕರಾಳ ಅಪರಾಧ ಚಿತ್ರಕಥೆ ತೆರೆಗೆ ಬರುವುದನ್ನು ಕಾತರದಿಂದಲೂ ಸ್ವಲ್ಪ ಅಳುಕಿನಿಂದಲೂ ಕಾಯುತ್ತಿದ್ದೇನೆ.

ಅದರ ಹೆಸರು ‘ಕ್ರಿಮಿನಲ್’. ಅಮೆರಿಕದ ಎಡ್ ಬ್ರೂಬೇಕರ್ ಬರೆಯುತ್ತಾರೆ, ಇಂಗ್ಲೆಂಡಿನ ಶಾನ್ ಫಿಲಿಪ್ಸ್ ಚಿತ್ರ ಬಿಡಿಸುತ್ತಾರೆ. 2006ರಲ್ಲಿ ಮೊದಲ ಸಂಚಿಕೆ ಹೊರಬಂತು; ಮರುವರ್ಷವೇ, ಚಿತ್ರಕಥೆ ಪುಸ್ತಕಗಳಿಗೆಂದೇ ಇರುವ ಐಸ್ನರ್ ಪ್ರಶಸ್ತಿ ಅತ್ಯುತ್ತಮ ಹೊಸ ಸರಣಿಯೆಂದು ದೊರೆಯಿತು. ಅಲ್ಲಿಂದೀಚೆಗೆ ಅದು ಬಿಟ್ಟು ಬಿಟ್ಟು, ಒಂದೊಂದು ಪುಸ್ತಕಕ್ಕೆ ಒಂದೊಂದು ಕಥೆಯಂತೆ ಬೆಳೆದಿದೆ. ಒಂದು ಕಥೆಯಲ್ಲಿ ಬಾರಿನ ಮೂಲೆಯಲ್ಲಿ ಹೆಸರಿಲ್ಲದೆ ಕುಳಿತವನು ಇನ್ನೊಂದರಲ್ಲಿ ಮುಖ್ಯ ಪಾತ್ರವಾಗುತ್ತಾನೆ. ಒಂದರಲ್ಲಿ ಸತ್ತು ಹೋದವನೆಂದು ಕೇಳಿದ್ದವನ ಯೌವನ ಎಷ್ಟೋ ವರ್ಷಗಳ ನಂತರ ಬಂದ ಮತ್ತೊಂದರಲ್ಲಿ ತೆರೆದುಕೊಳ್ಳುತ್ತದೆ. ಪ್ಯಾಟರ್ಸನ್ ಮತ್ತು ಲಾಲೆಸ್ ಎಂಬ ಎರಡು ಕಳ್ಳ ಮನೆತನಗಳ ಅಪ್ಪಂದಿರು ಬಿತ್ತಿದ್ದನ್ನು ಮಕ್ಕಳು ಕೊಯ್ಯುವ ಕಥೆ ಎಂದು ಒಟ್ಟಾರೆಯಾಗಿ ಹೇಳಬಹುದು. 2024ರ ಜನವರಿಯಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಇದನ್ನು ತೆರೆಗೆ ತರುವುದಾಗಿ ಪ್ರಕಟಿಸಿತು. ಎರಡು ಗಂಟೆಯ ಚಲನಚಿತ್ರವಾಗಿ ಅಲ್ಲ, ಕಂತುಗಳಲ್ಲಿ. ಇಷ್ಟು ಟಿಸಿಲೊಡೆದ ಕಥೆಗೆ ಅದೇ ಸರಿಯಾದ ಅಳತೆಯೆಂದು ನನಗನ್ನಿಸುತ್ತದೆ. ಬ್ರೂಬೇಕರ್ ಅವರೇ ಅಪರಾಧ ಕಾದಂಬರಿಕಾರ ಜೋರ್ಡನ್ ಹಾರ್ಪರ್ ಜೊತೆಗೂಡಿ ಅದರ ಹೊಣೆ ಹೊತ್ತಿದ್ದಾರೆ ಎಂಬುದು ಧೈರ್ಯ ಕೊಡುವ ಸಂಗತಿ. ಲಿಯೊ ಪ್ಯಾಟರ್ಸನ್ ಆಗಿ ಚಾರ್ಲಿ ಹನ್ನಮ್, ಮುದುಕ ಐವನ್ ಆಗಿ ರಿಚರ್ಡ್ ಜೆಂಕಿನ್ಸ್, ಗ್ರೆಟಾ ಆಗಿ ಅಡ್ರಿಯಾ ಅರ್ಜೋನಾ, ಮ್ಯಾಲರಿ ಆಗಿ ಎಮಿಲಿಯಾ ಕ್ಲಾರ್ಕ್ ಆಯ್ಕೆಯಾಗಿದ್ದಾರೆ. ಗ್ರೆಟಾ ಒಂದು ಪುಸ್ತಕದವಳು, ಮ್ಯಾಲರಿ ಇನ್ನೊಂದರವಳು. ಅಂದರೆ ಬೇರೆ ಬೇರೆ ಕಥೆಗಳನ್ನು ಒಂದೇ ಜಡೆಯಾಗಿ ಹೆಣೆಯುತ್ತಿದ್ದಾರೆ.

ನಾನು ಈ ಪುಸ್ತಕವನ್ನು ಮೊದಲು ಕೊಂಡದ್ದು ಕಥೆಗಾಗಿ ಅಲ್ಲ, ಮಸಿಗಾಗಿ. ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮ ತಂದೆಯವರದು ಒಂದು ಸಣ್ಣ ಮುದ್ರಣಾಲಯವಿತ್ತು. ಅಕ್ಷರದ ಅಚ್ಚುಮೊಳೆ ಜೋಡಿಸಿ ಕಾಲಿನಲ್ಲಿ ತುಳಿಯುವ ಟ್ರೆಡಲ್ ಯಂತ್ರದಿಂದ ಆರಂಭಿಸಿ ಆಫ್‌ಸೆಟ್ ಕಾಲದವರೆಗೂ ಅವರು ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಲಗ್ನಪತ್ರಿಕೆಗಳನ್ನು ಅಚ್ಚು ಮಾಡಿದರು. ಈಗ ಅದೇ ಮಳಿಗೆಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕುಳಿತು ವಿನ್ಯಾಸದ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆಗೆ ಕಪ್ಪು ಮಸಿ ಹಾಕುವಂತಿರಲಿಲ್ಲ. ಕೆಂಪು, ಕಡುಗೆಂಪು, ಹಸಿರು, ಬಂಗಾರದ ಬಣ್ಣ ಯಾವುದಾದರೂ ಆದೀತು. ಕಪ್ಪು ಮಾತ್ರ ವೈಕುಂಠ ಸಮಾರಾಧನೆಯ ಪತ್ರಿಕೆಗೆ ಮೀಸಲು. ಆ ಪತ್ರಿಕೆಯ ಅಚ್ಚು ಮುಗಿದ ಮೇಲೆ ರೋಲರನ್ನು ಸೀಮೆಎಣ್ಣೆಯಲ್ಲಿ ಎರಡೆರಡು ಸಲ ಒರೆಸಿ, ಮುಂದಿನ ಮದುವೆಯ ಕಾಗದದ ಮೇಲೆ ಸಾವಿನ ಮಸಿಯ ಒಂದು ಗೆರೆಯೂ ಬೀಳದಂತೆ ಅಪ್ಪ ನೋಡಿಕೊಳ್ಳುತ್ತಿದ್ದರು. ಹೀಗೆ ಬೆಳೆದ ನಾನು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯೊಂದರಲ್ಲಿ, ಅರ್ಧ ಪುಟವನ್ನೇ ಕಪ್ಪಿಗೆ ಬಿಟ್ಟುಕೊಟ್ಟ ಒಂದು ಪುಸ್ತಕವನ್ನು ಕಂಡಾಗ ಬೆರಗಾಗಿ ನಿಂತೆ. ಎಪ್ಪತ್ತು ಕಿಲೋಮೀಟರ್ ರೈಲು ಪ್ರಯಾಣ ಮುಗಿಯುವಷ್ಟರಲ್ಲಿ ಅದನ್ನು ಓದಿ ಮುಗಿಸಿದ್ದೆ.

ಮನೆಗೆ ತಂದಾಗ ಅಪ್ಪ ಅದನ್ನು ಕೈಗೆತ್ತಿಕೊಂಡರು. ಕಥೆಯ ಗೊಡವೆಗೆ ಹೋಗದೆ, ಕಪ್ಪು ತುಂಬಿದ ಪುಟವೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ, ಬೆರಳನ್ನು ನೋಡಿಕೊಂಡರು. “ಇಷ್ಟೊಂದು ಸಾಲಿಡ್ ಕಪ್ಪು ಹೊಡೆದವ್ರೆ, ಎದುರು ಪುಟಕ್ಕೆ ಮಸಿ ಒಂಚೂರೂ ಹತ್ತಿಲ್ಲ ನೋಡು” ಎಂದರು. ಅವರ ಮಟ್ಟಿಗೆ ವಿಮರ್ಶೆ ಅಲ್ಲಿಗೆ ಮುಗಿಯಿತು, ಮತ್ತು ಅದು ನಾನು ಆ ಪುಸ್ತಕದ ಬಗ್ಗೆ ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು.

ಮುದ್ರಣದವರಿಗೆ ಗೊತ್ತಿರುವ ಒಂದು ವಿಷಯವಿದೆ. ದೊಡ್ಡ ಜಾಗದಲ್ಲಿ ಕರಿಮಸಿಯೊಂದನ್ನೇ ಹೊಡೆದರೆ ಅದು ಕಪ್ಪಾಗಿ ಕಾಣುವುದಿಲ್ಲ, ತೊಳೆದ ಸ್ಲೇಟಿನಂತೆ ಬೂದುಗಪ್ಪಾಗಿ ಕಾಣುತ್ತದೆ. ನಿಜವಾದ ಕಡುಗಪ್ಪು ಬೇಕಿದ್ದರೆ ಅದರಡಿಗೆ ನೀಲಿಯನ್ನೂ, ಕೆಂಪನ್ನೂ, ಹಳದಿಯನ್ನೂ ಇಷ್ಟಿಷ್ಟು ಹಾಕಬೇಕು. ಹೆಚ್ಚಾದರೆ ಕಾಗದ ಒಣಗದೆ ಹಾಳಾಗುತ್ತದೆ. ‘ಕ್ರಿಮಿನಲ್’ ಕಥೆಗಳ ಕತ್ತಲೆಯೂ ಹೀಗೆಯೇ ಅಡಿಯಲ್ಲಿ ಬೇರೆ ಬಣ್ಣಗಳನ್ನು ಇಟ್ಟುಕೊಂಡ ಕತ್ತಲೆ ಎಂಬುದು ನನ್ನ ಅಭಿಪ್ರಾಯ. ಮೊದಲ ಕಥೆಯಾದ ‘ಕೌವರ್ಡ್’ನ ಲಿಯೊ ದರೋಡೆಯ ಯೋಜನೆ ಹಾಕುವುದರಲ್ಲಿ ಎತ್ತಿದ ಕೈ, ಆದರೆ ಕೆಲಸ ಕೆಟ್ಟಿತೆಂದು ಕಂಡ ಕ್ಷಣವೇ ಓಡಿ ಹೋಗುತ್ತಾನಾದ್ದರಿಂದ ಅವನಿಗೆ ಹೇಡಿಯೆಂದು ಹೆಸರು. ಅವನ ಮನೆಯಲ್ಲಿ ಐವನ್ ಇದ್ದಾನೆ: ಜೈಲಿನಲ್ಲಿ ಸತ್ತ ಅಪ್ಪನ ಹಳೆಯ ಜೊತೆಗಾರ, ಮರೆವಿನ ರೋಗ ಹಿಡಿದವನು, ಮಾದಕದ ಚಟ ಬಿಡದವನು. ಊರಿಗೆಲ್ಲ ಬೆನ್ನು ತೋರಿಸುವ ಲಿಯೊ ಈ ಮುದುಕನನ್ನು ಮಾತ್ರ ಬಿಟ್ಟು ಓಡುವುದಿಲ್ಲ. ಅಪ್ಪನ ಗೆಳೆಯನೆಂಬ ಒಂದೇ ಕಾರಣಕ್ಕೆ ಹಾಸಿಗೆ ಹಿಡಿದವರನ್ನು ಮನೆಯಲ್ಲಿಟ್ಟು ನೋಡಿಕೊಂಡ ಮಂದಿ ನಮ್ಮ ಬೀದಿಯಲ್ಲೂ ಇದ್ದಾರೆ; ಅವರು ಬ್ಯಾಂಕಿಗೆ ಕನ್ನ ಹಾಕುವುದಿಲ್ಲ, ಅಷ್ಟೇ. ಲಿಯೊ ಏಕೆ ಓಡುತ್ತಾನೆಂಬ ಗುಟ್ಟನ್ನು ನಾನಿಲ್ಲಿ ಬಿಡುವುದಿಲ್ಲ. ಅದು ತಿಳಿದಾಗ ಹೇಡಿ ಎಂಬ ಮಾತಿನ ಅರ್ಥವೇ ಮಗ್ಗುಲು ಬದಲಾಯಿಸುತ್ತದೆ, ಮತ್ತು ಆವರೆಗೆ ನೋಡಿದ ಪುಟಗಳ ಕಪ್ಪು ಇದ್ದಕ್ಕಿದ್ದಂತೆ ಇನ್ನೂ ದಟ್ಟವಾಗುತ್ತದೆ.

ತೆರೆಯ ಮೇಲೆ ನಾನು ಹುಡುಕುವುದು ಈ ಅಡಿಬಣ್ಣವನ್ನು. ಮಳೆ, ಸಿಗರೇಟಿನ ಹೊಗೆ, ಒದ್ದೆ ರಸ್ತೆಯಲ್ಲಿ ನಿಯಾನ್ ದೀಪದ ನೆರಳು ಎಲ್ಲವನ್ನೂ ಯಾರು ಬೇಕಾದರೂ ತರಬಹುದು. ಅದು ಬರೀ ಕರಿಮಸಿ.

ಇಂಥ ಪುಸ್ತಕಗಳನ್ನು ಸಿನಿಮಾ ಮಾಡಿದವರು ಈ ಮೊದಲೂ ಇದ್ದಾರೆ, ಮತ್ತು ಅವರಲ್ಲಿ ಇಬ್ಬರು ಒಂದಕ್ಕೊಂದು ಪೂರ್ತಿ ವಿರುದ್ಧವಾದ ದಾರಿ ಹಿಡಿದರು. 2005ರ ‘ಸಿನ್ ಸಿಟಿ’ಯಲ್ಲಿ ನಿರ್ದೇಶಕ ರಾಬರ್ಟ್ ರೊಡ್ರಿಗಸ್ ಅವರು ಮೂಲ ಪುಸ್ತಕವನ್ನು ಬರೆದು ಬಿಡಿಸಿದ ಫ್ರಾಂಕ್ ಮಿಲ್ಲರ್ ಅವರ ಚೌಕಟ್ಟುಗಳನ್ನೇ ಒಂದರ ಹಿಂದೊಂದು ತೆರೆಗೆ ಇಳಿಸಿದರು. ನಟರನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿ, ಊರನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದರು. ಮಿಲ್ಲರ್ ಹೆಸರನ್ನು ಸಹ ನಿರ್ದೇಶಕನೆಂದು ಹಾಕಲು ನಿರ್ದೇಶಕರ ಸಂಘದ ನಿಯಮ ಅಡ್ಡ ಬಂದಾಗ ರೊಡ್ರಿಗಸ್ ಸಂಘವನ್ನೇ ಬಿಟ್ಟರು. ಅಷ್ಟು ನಿಷ್ಠೆ ನನಗೆ ಮೆಚ್ಚುಗೆಯಾದರೂ, ಸಿನಿಮಾ ನೋಡುವಾಗ ಒಂದು ಗಂಟೆಯ ನಂತರ ದಣಿವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಪುಸ್ತಕದಲ್ಲಿ ಬಿಳಿಯ ಮೇಲೆ ಕಪ್ಪು ಎಷ್ಟು ಹೊತ್ತು ನಿಲ್ಲಬೇಕೆಂಬುದು ನನ್ನ ಕೈಯಲ್ಲಿತ್ತು. ಬೇಕಾದರೆ ಪುಟ ತಿರುವುತ್ತಿದ್ದೆ, ಬೇಡವಾದರೆ ಅಲ್ಲೇ ಕೂರುತ್ತಿದ್ದೆ. ತೆರೆಯ ಮೇಲೆ ಆ ಅಧಿಕಾರ ಬೇರೆಯವರ ಕೈಗೆ ಹೋಯಿತು.

ಇನ್ನೊಂದು 2002ರ ‘ರೋಡ್ ಟು ಪರ್ಡಿಷನ್’. ಮ್ಯಾಕ್ಸ್ ಆಲನ್ ಕಾಲಿನ್ಸ್ ಬರೆದು ರಿಚರ್ಡ್ ಪಿಯರ್ಸ್ ರೇನರ್ ಚಿತ್ರಿಸಿದ, 1998ರ ಕಪ್ಪುಬಿಳುಪಿನ ಪುಸ್ತಕ ಅದಕ್ಕೆ ಮೂಲ. ನಿರ್ದೇಶಕ ಸ್ಯಾಮ್ ಮೆಂಡಿಸ್ ಪಾತ್ರಗಳ ಹೆಸರುಗಳನ್ನೇ ಕೊಂಚ ತಿದ್ದಿದರು, ರಕ್ತಪಾತವನ್ನು ಬಹಳಷ್ಟು ಇಳಿಸಿದರು, ಪುಸ್ತಕದಲ್ಲಿ ಬಂದೂಕು ಹಿಡಿಯುವ ಹುಡುಗನ ಕೈಯನ್ನು ಸಿನಿಮಾದಲ್ಲಿ ಶುದ್ಧವಾಗಿಯೇ ಉಳಿಸಿದರು. ಚೌಕಟ್ಟಿನ ಮಟ್ಟದಲ್ಲಿ ನೋಡಿದರೆ ಮೂಲದ್ದು ಉಳಿದದ್ದು ಕಡಿಮೆ. ಆದರೂ ರಾತ್ರಿ ಮಳೆಯಲ್ಲಿ, ಗುಂಡಿನ ಸದ್ದೇ ಇಲ್ಲದೆ, ಕತ್ತಲೊಳಗಿನಿಂದ ಬರುವ ಬೆಂಕಿಯ ಮಿಂಚಿಗೆ ಮನುಷ್ಯರು ಒಬ್ಬೊಬ್ಬರಾಗಿ ಕುಸಿಯುವ ಆ ದೃಶ್ಯವನ್ನು ನೋಡುವಾಗ, ಮಸಿಯ ಚಿತ್ರವೊಂದು ಚಲಿಸಿದರೆ ಹೀಗೆಯೇ ಚಲಿಸಬೇಕೆಂದು ನನಗನ್ನಿಸಿತು. ಛಾಯಾಗ್ರಾಹಕ ಕಾನ್ರಾಡ್ ಹಾಲ್ 2003ರ ಜನವರಿಯಲ್ಲಿ ತೀರಿಕೊಂಡರು. ಆ ಕೆಲಸಕ್ಕೆ ಆಸ್ಕರ್ ಪ್ರಶಸ್ತಿ ಬಂದದ್ದು ಅವರ ಸಾವಿನ ನಂತರ. ಗೆರೆಯನ್ನು ಬಿಟ್ಟು ಕಪ್ಪನ್ನು ಉಳಿಸಿಕೊಂಡವರು ಅವರು, ಮತ್ತು ನನ್ನ ಮತ ಅವರಿಗೇ.

ಮೂಲಕ್ಕೆ ನಿಷ್ಠೆ ಎಂಬ ಜಗಳ ನಮಗೇನೂ ಹೊಸತಲ್ಲ. ತುಮಕೂರಿನಿಂದ ಇದೇ ಹೆದ್ದಾರಿ ಹಿಡಿದು ಶಿರಾ, ಹಿರಿಯೂರು ದಾಟಿದರೆ ಸಿಗುವ ಚಿತ್ರದುರ್ಗದ ಕೋಟೆಯನ್ನು ನೋಡಿದಾಗಲೆಲ್ಲ ಕನ್ನಡಿಗರಿಗೆ ನೆನಪಾಗುವುದು 1972ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಆ ಚಿತ್ರವನ್ನು ನಾಡೇ ತಲೆಯ ಮೇಲೆ ಹೊತ್ತರೂ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಕಾದಂಬರಿಕಾರರು ನೊಂದುಕೊಂಡರೆಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ‘ಕ್ರಿಮಿನಲ್’ ವಿಷಯದಲ್ಲಿ ಬರೆದವರೇ ತೆರೆಯ ಮೇಲಿನದಕ್ಕೂ ಹೊಣೆಗಾರರಾದ್ದರಿಂದ ಹಾವು ಬದಲಾದರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ.

ಆದರೆ ಬರೆದವರ ಜೊತೆಗೆ ಬಿಡಿಸಿದವರೂ ಇದ್ದಾರಲ್ಲ, ಅಲ್ಲಿಯೇ ನನ್ನ ಅಳುಕು ಇರುವುದು. 2011ರಲ್ಲಿ ಬಂದ ‘ದಿ ಲಾಸ್ಟ್ ಆಫ್ ದಿ ಇನ್ನೊಸೆಂಟ್’ ಎಂಬ ಕಥೆಯನ್ನು ನೋಡಿ. ನಗರದಲ್ಲಿ ಸಾಲ ಮಾಡಿಕೊಂಡ, ಸಂಸಾರ ಹಳಸಿದ ರೈಲಿ ರಿಚರ್ಡ್ಸ್ ಎಂಬವನು ಅಪ್ಪ ಸಾಯುತ್ತಿದ್ದಾನೆಂದು ತನ್ನ ಚಿಕ್ಕ ಊರಿಗೆ ಮರಳುತ್ತಾನೆ. ಹಳೆಯ ಬೀದಿ, ಹಳೆಯ ಗೆಳೆಯರು, ಪಕ್ಕದ ಮನೆಯ ಹಳೆಯ ಹುಡುಗಿ ಎಲ್ಲವನ್ನೂ ಕಂಡು, ಆ ದಿನಗಳನ್ನು ಮರಳಿ ಪಡೆಯಬೇಕಾದರೆ ಹೆಂಡತಿಯನ್ನು ಕೊಲ್ಲಬೇಕೆಂಬ ತೀರ್ಮಾನಕ್ಕೆ ಬರುತ್ತಾನೆ. ಈಗಿನ ಘಟನೆಗಳೆಲ್ಲ ಫಿಲಿಪ್ಸ್ ಅವರ ಎಂದಿನ ಒರಟು ಗೆರೆ, ದಟ್ಟ ನೆರಳಿನಲ್ಲಿವೆ. ನೆನಪುಗಳು ಮಾತ್ರ, ನಾವೆಲ್ಲ ಬಾಡಿಗೆಗೆ ತಂದು ಓದುತ್ತಿದ್ದ ಆರ್ಚಿ ಪುಸ್ತಕಗಳ ರೀತಿಯಲ್ಲಿ, ದುಂಡು ಮುಖ, ಚೊಕ್ಕ ಗೆರೆ, ಮಿಠಾಯಿ ಬಣ್ಣಗಳಲ್ಲಿವೆ. ಆ ಬಣ್ಣದ ಪುಟಗಳಲ್ಲಿ ಹುಡುಗರು ಮಾಡುವ ಕೆಲಸಗಳೇನೂ ಚೊಕ್ಕವಲ್ಲ. ಆದರೂ ಗೆರೆ ನಗುತ್ತಲೇ ಇರುತ್ತದೆ. ತನ್ನ ಬಾಲ್ಯದ ಬಗ್ಗೆ ತಾನೇ ಹೇಳಿಕೊಂಡ ಸುಳ್ಳನ್ನು ಒಬ್ಬ ಮನುಷ್ಯ ಎಷ್ಟು ಗಾಢವಾಗಿ ನಂಬಬಲ್ಲನೆಂಬುದನ್ನು ಒಂದು ಮಾತೂ ಇಲ್ಲದೆ, ಬರೀ ಚಿತ್ರದ ಶೈಲಿ ಬದಲಾಯಿಸಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮಾನಿಕೆರೆಯ ಏರಿಯ ಮೇಲೆ ಗೆಳೆಯರೊಂದಿಗೆ ಸೈಕಲ್ ತುಳಿದ ನನ್ನ ನೆನಪುಗಳಲ್ಲೂ ಬಿಸಿಲು ಸದಾ ಹದವಾಗಿಯೇ ಇರುತ್ತದೆ, ಕೆರೆ ತುಂಬಿಯೇ ಇರುತ್ತದೆ. ಆ ವರ್ಷಗಳ ಬರಗಾಲವೆಲ್ಲ ಎಲ್ಲಿ ಹೋಯಿತೋ ಕಾಣೆ.

ಇದನ್ನು ತೆರೆಗೆ ತರುವವರು ಏನು ಮಾಡಬೇಕು? ನಟನ ಮುಖವನ್ನು ಚೊಕ್ಕ ಗೆರೆಯಾಗಿ ಮಾಡಲಾಗದು. ನೆನಪಿನ ಭಾಗವನ್ನು ಕಾರ್ಟೂನ್ ಮಾಡಿಬಿಟ್ಟರೆ ಅದು ಜಾಣತನದ ಪ್ರದರ್ಶನವಾಗುತ್ತದೆ. ನನ್ನನ್ನು ಕೇಳಿದರೆ, ಅಲ್ಲಿ ನೆರಳನ್ನೇ ತೆಗೆದುಬಿಡಬೇಕು: ಎಲ್ಲ ಕಡೆಯಿಂದ ಸಮನಾಗಿ ಬೀಳುವ ಬೆಳಕು, ಹಳೆಯ ದೂರದರ್ಶನ ಧಾರಾವಾಹಿಯಂತೆ ಮೂಲೆ ಮೂಲೆಯೂ ಕಾಣುವ ಮನೆ, ಯಾರ ಕಾಲಡಿಯಲ್ಲೂ ಕಪ್ಪಿಲ್ಲ. ಆಗ ಈಗಿನ ಕಾಲಕ್ಕೆ ಮರಳಿದಾಗ ಮೊದಲ ನೆರಳು ಬಿದ್ದ ಕೂಡಲೇ ನೋಡುವವನ ಎದೆ ಝಲ್ಲೆನ್ನಬೇಕು.

ಕೊನೆಯದಾಗಿ ನನ್ನ ಕೈಯಲ್ಲೇ ಇರುವ ಒಂದು ತೊಡಕು. ಅವರು ಎಷ್ಟೇ ಒಳ್ಳೆಯ ಕತ್ತಲೆಯನ್ನು ಕಳಿಸಿದರೂ ನಾನದನ್ನು ನೋಡುವುದು ನಮ್ಮ ನಡುಮನೆಯ ಟಿ.ವಿ.ಯಲ್ಲಿ. ಕಾಗದದ ಮೇಲೆ ಕಪ್ಪೆಂದರೆ ಇರುವ ವಸ್ತು, ಹೆಬ್ಬೆರಳಿಗೆ ಸಿಗುವ ವಸ್ತು, ಟಿ.ವಿ.ಯಲ್ಲಿ ಅದು ಬೆಳಕಿನ ಗೈರುಹಾಜರಿ, ಮತ್ತು ನಮ್ಮದರಂಥ ಅಗ್ಗದ ಎಲ್‌ಇಡಿ ಟಿ.ವಿ.ಯ ಹಿಂದಿನ ದೀಪ ಎಂದೂ ಪೂರ್ತಿ ಆರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಹಿಂಡಿ ಕಳಿಸಿದ ಚಿತ್ರದಲ್ಲಿ ಮೊದಲು ಕೆಡುವುದೂ ಕತ್ತಲೆಯೇ. ನುಣುಪಾಗಿರಬೇಕಾದ ನೆರಳು ಚೌಕ ಚೌಕವಾಗಿ ಒಡೆಯುತ್ತದೆ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಆ ರಾತ್ರಿಯ ಯುದ್ಧದ ಕಂತು ಬಂದಾಗ ಏನೂ ಕಾಣಿಸಲಿಲ್ಲವೆಂದು ಲೋಕವೇ ಗೊಣಗಿತ್ತು. ಅದರಲ್ಲೂ ಎಮಿಲಿಯಾ ಕ್ಲಾರ್ಕ್ ಇದ್ದರೆಂಬುದು ಕಾಕತಾಳೀಯ. ಇದಕ್ಕೆಲ್ಲ ಜೊತೆಯಾಗಿ ನಮ್ಮ ಕಿಟಕಿಯ ಎದುರಿಗೇ ಹೊಸ ಬಿಳಿ ಬೀದಿದೀಪವೊಂದು ಬಂದಿದೆ. ರಾತ್ರಿ ಎಂಟಾದರೆ ಕಂಬ ಸಮೇತ ಅದು ಟಿ.ವಿ.ಯ ಗಾಜಿನೊಳಗೆ ಬಂದು ನಿಲ್ಲುತ್ತದೆ. “ರೀ, ಆ ಕಂಬ ನೋಡೋಕೆ ದುಡ್ಡು ಕಟ್ಟಬೇಕಾ?” ಎಂದು ಮನೆಯಾಕೆ ಕೇಳಿದ್ದರಲ್ಲಿ ನ್ಯಾಯವಿದೆ.

ಆದ್ದರಿಂದ ಕಳೆದ ವಾರ ಪರದೆ ಹೊಲಿಯುವವರ ಬಳಿಗೆ ಕಿಟಕಿಯ ಅಳತೆ ತೆಗೆದುಕೊಂಡು ಹೋದೆ. ಅಪ್ಪನೂ ಜೊತೆಗೆ ಬಂದರು. ಕಪ್ಪು ಬಟ್ಟೆ ಬೇಕೆಂದಾಗ ಅಂಗಡಿಯವರು ನನ್ನ ಮುಖ ನೋಡಿ, “ಹಾಲ್‌ಗೆ ಕಪ್ಪು ಯಾರೂ ಹಾಕ್ಸಲ್ಲ ಸರ್, ಮನೆಗೆ ಒಳ್ಳೇದಲ್ಲ” ಎಂದರು. ಲಗ್ನಪತ್ರಿಕೆಯ ದಿನಗಳನ್ನು ಮರೆಯದ ಅಪ್ಪ ಒಡನೆಯೇ ಅವರ ಪಕ್ಷ ಸೇರಿಕೊಂಡು, ಬಟ್ಟೆಗಳ ಥಾನಿನಿಂದ ತಾವೇ ಒಂದನ್ನು ಎಳೆದರು. “ನೀಲಿ ತಗೋ. ಕಪ್ಪಿನ ಅಡಿಗೆ ಹೇಗೂ ಅದೇ ಇರೋದು” ಎಂದರು. ಕಡುನೀಲಿಗೆ ಮುಂಗಡ ಕೊಟ್ಟು ಬಂದಿದ್ದೇನೆ, ಶನಿವಾರ ಸಿಗುತ್ತದಂತೆ.